ಬೆಳಕಿನ ಗೋಡೆ, ಕತ್ತಲ ಗರ್ಭಗುಡಿ

ಒಂದು ಧರ್ಮದ ಪೂಜಾಸ್ಥಾನವನ್ನು ಆ ಧರ್ಮದ ನಂಬಿಕೆಯಿಲ್ಲದವರು ನೋಡಲು ಹೋದಾಗ ಅವರಿಗೆ ಕಾಣುವುದು ಪೂಜಾಸ್ಥಾನವೋ ಬರಿಯ ಕಟ್ಟಡವೋ ಎಂಬ ಪ್ರಶ್ನೆ ಯುರೋಪಿನ ಗಾಥಿಕ್ ಕೆಥೆಡ್ರಲ್‌ಗಳ ವಿಷಯದಲ್ಲಿ ವಿಶೇಷವಾಗಿ ಏಳುತ್ತದೆ. ಕೆಥೆಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ಪ್ರಧಾನ ಚರ್ಚು. ಕಲೋನ್, ಪ್ಯಾರಿಸ್, ಮಿಲಾನ್‌ಗಳ ಇಂಥ ಚರ್ಚುಗಳಿಗೆ ಇಂದು ಪ್ರಾರ್ಥನೆಗೆ ಬರುವವರಿಗಿಂತ ನೋಡಲು ಬರುವವರೇ ಹೆಚ್ಚು. ಮುಂಬಯಿಯ ಚೆಂಬೂರಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪ್ರಶ್ನೆಯನ್ನು ಎದುರಿಸಲು ಯುರೋಪಿನವರೆಗೆ ಹೋಗಬೇಕಾಗಿಲ್ಲ, ಏಕೆಂದರೆ ಹಾರ್ಬರ್ ಲೈನಿನ ಲೋಕಲ್ ಅವರನ್ನು ತಂದಿಳಿಸುವ ಕೊನೆಯ ನಿಲ್ದಾಣ, ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿ 1888ರಲ್ಲಿ ಪೂರ್ಣಗೊಂಡ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಚೂಪು ಕಮಾನು, ಬಣ್ಣದ ಗಾಜು, ಕಲ್ಲಿನ ಪ್ರಾಣಿಮುಖಗಳೊಂದಿಗೆ ಗಾಥಿಕ್ ಕುಲಕ್ಕೇ ಸೇರಿದ್ದು. ಪೀಠವೂ ಪೂಜೆಯೂ ಇಲ್ಲದ ಕೆಥೆಡ್ರಲ್ ಎಂದು ಅದನ್ನು ಕರೆದರೆ ತಪ್ಪಾಗಲಾರದು.

ಗಾಥಿಕ್ ಶೈಲಿಯ ಹಿಂದಿರುವ ತಂತ್ರಜ್ಞಾನ ಸರಳವಾದದ್ದಲ್ಲ, ಆದರೆ ಅದರ ಉದ್ದೇಶ ಸರಳ. ಅರ್ಧವೃತ್ತದ ಕಮಾನಿಗಿಂತ ತುದಿ ಚೂಪಾದ ಕಮಾನು ಭಾರವನ್ನು ಹೆಚ್ಚು ನೇರವಾಗಿ ಕೆಳಕ್ಕೆ ಸಾಗಿಸುತ್ತದೆ. ಚಾವಣಿಯ ಕೆಳಗೆ ಪಕ್ಕೆಲುಬುಗಳಂತೆ ಹಾಯುವ ಕಲ್ಲಿನ ಪಟ್ಟಿಗಳು ಆ ಭಾರವನ್ನು ಕೆಲವೇ ಕಂಬಗಳ ಮೇಲೆ ಕೂಡಿಸುತ್ತವೆ. ಚಾವಣಿಯು ಗೋಡೆಯನ್ನು ಹೊರಕ್ಕೆ ನೂಕುವ ಒತ್ತಡವನ್ನು ಕಟ್ಟಡದ ಹೊರಗೆ ಗಾಳಿಯಲ್ಲಿ ಚಾಚಿಕೊಂಡಿರುವ ಆಸರೆ ಕಮಾನುಗಳು ತಡೆದುಕೊಳ್ಳುತ್ತವೆ. ಹೀಗೆ ಭಾರ ಹೊರುವ ಕೆಲಸದಿಂದ ಬಿಡುಗಡೆ ಪಡೆದ ಗೋಡೆ ಗಾಜಾಗಬಹುದು. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದಲ್ಲಿ ಅಬಾಟ್ ಸೂಜೆ, ಅಂದರೆ ಆ ಮಠದ ಅಧಿಪತಿ, ಕಟ್ಟಿಸಿ 1144ರಲ್ಲಿ ಪ್ರತಿಷ್ಠೆಗೊಂಡ ಪೂರ್ವಭಾಗವನ್ನು ಈ ಶೈಲಿಯ ಮೊದಲ ಪೂರ್ಣ ರೂಪವೆಂದು ಇತಿಹಾಸಕಾರರು ಎಣಿಸುತ್ತಾರೆ. ಮಂದವಾದ ಮನಸ್ಸು ಭೌತಿಕ ವಸ್ತುಗಳ ಹೊಳಪನ್ನು ಮೆಟ್ಟಿಲಾಗಿ ಮಾಡಿಕೊಂಡು ಸತ್ಯದ ಕಡೆಗೆ ಏರುತ್ತದೆ ಎಂಬುದು ಸೂಜೆ ಬರೆದಿಟ್ಟ ನಂಬಿಕೆ. ಹಾಗಾಗಿ ಈ ಕಿಟಕಿಗಳು ಹೊರಗಿನದನ್ನು ನೋಡಲು ಮಾಡಿದವಲ್ಲ. ಒಳಗಿರುವವರ ಮೇಲೆ ಬೆಳಕು ಬೀಳಲೆಂದು ಮಾಡಿದವು.

ಕನ್ನಡ ಓದುಗರ ಕಣ್ಣಿಗೆ ಇದು ತಿರುಗುಮುರುಗಾಗಿ ತೋರುವುದು ಸಹಜ. ಚೆಂಬೂರಿನ ಛೆಡ್ಡಾನಗರದ ಸುಬ್ರಹ್ಮಣ್ಯನ ಸನ್ನಿಧಿಗಾಗಲಿ ಕರಾವಳಿಯ ಊರಿನ ಗುಡಿಗಾಗಲಿ ಹೋಗುವವರು ಬಿಸಿಲಿನಿಂದ ಮಂಟಪದ ನೆರಳಿಗೆ, ನೆರಳಿನಿಂದ ಗರ್ಭಗುಡಿಯ ಮಬ್ಬಿಗೆ ಸಾಗುತ್ತಾರೆ. ಅಲ್ಲಿ ಮೂರ್ತಿ ಕಾಣುವುದು ಆರತಿ ಎತ್ತಿದ ಆ ಕ್ಷಣಕ್ಕೆ ಮಾತ್ರ. ಕಾಲದ ದೃಷ್ಟಿಯಿಂದ ಹೋಲಿಕೆ ಇನ್ನೂ ಕುತೂಹಲಕರವಾಗಿದೆ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಗೊಂಡದ್ದು 1117ರಲ್ಲಿ, ಸೇಂಟ್ ಡೆನಿಸ್‌ಗಿಂತ ಒಂದು ತಲೆಮಾರು ಮೊದಲು. ಮೊದಲಿಗೆ ತೆರೆದಿದ್ದ ಅದರ ನವರಂಗವನ್ನು ಮುಂದೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಲ್ಲಿನ ಜಾಲಂಧ್ರಗಳಿಂದ ಮುಚ್ಚಲಾಯಿತು. ಫ್ರಾನ್ಸಿನ ಶಿಲ್ಪಿಗಳು ಗೋಡೆಯನ್ನು ಕರಗಿಸಿ ಬೆಳಕನ್ನು ಒಳತರುತ್ತಿದ್ದ ಅದೇ ಶತಮಾನದಲ್ಲಿ ಹೊಯ್ಸಳ ಶಿಲ್ಪಿಗಳು ತೆರೆದದ್ದನ್ನು ಮುಚ್ಚಿ ಬೆಳಕನ್ನು ಸೋಸುತ್ತಿದ್ದರು.

ಇದರಿಂದ ಪಶ್ಚಿಮದ ದೇವರು ಬೆಳಕು, ಇಲ್ಲಿಯ ದೇವರು ಕತ್ತಲು ಎಂಬ ತೀರ್ಮಾನಕ್ಕೆ ಹಾರುವುದು ಸುಲಭ, ಮತ್ತು ತಪ್ಪು. ಸೂಜೆಯ ಬೆಳಕಿನ ತತ್ತ್ವಕ್ಕೆ ಮೂಲವೆಂದು ಹೇಳಲಾಗುವ ಗ್ರಂಥಗಳನ್ನು ಸುಮಾರು 500ನೇ ಇಸವಿಯ ಹೊತ್ತಿಗೆ ಡಯೋನೀಸಿಯಸ್ ಎಂಬ ಹೆಸರಿನ ಮರೆಯಲ್ಲಿ ಅಜ್ಞಾತ ಗ್ರೀಕ್ ಲೇಖಕನೊಬ್ಬ ಬರೆದ; 827ರಲ್ಲಿ ಬೈಜಾಂಟೈನ್ ಚಕ್ರವರ್ತಿಯ ಕಾಣಿಕೆಯಾಗಿ ಅವುಗಳ ಪ್ರತಿ ಫ್ರಾನ್ಸಿಗೆ ಬಂತು, ಮತ್ತು ಆ ಲೇಖಕನೇ ತಮ್ಮ ಮಠದ ಸಂತ ಡೆನಿಸ್ ಎಂದು ಅಲ್ಲಿಯವರು ಭ್ರಮಿಸಿದರು. ಇದೇ ಲೇಖಕ ಇನ್ನೊಂದು ಕಿರುಗ್ರಂಥದಲ್ಲಿ, ದೇವರನ್ನು ಸಮೀಪಿಸಿದಷ್ಟೂ ಹೆಸರು, ರೂಪ, ಬೆಳಕು ಎಲ್ಲವೂ ಒಂದೊಂದಾಗಿ ಕಳಚಿ ಸಾಧಕನು ಅರಿಯದ ಕತ್ತಲನ್ನು ಹೊಗುತ್ತಾನೆ ಎಂದು ವಾದಿಸುತ್ತಾನೆ. ಉಪನಿಷತ್ತಿನ ನೇತಿ ನೇತಿ ಮಾರ್ಗ ಬಲ್ಲವರಿಗೆ ಈ ನಡೆ ಅಪರಿಚಿತವಲ್ಲ. ಸೂಜೆ ಈ ಗ್ರಂಥಗಳನ್ನು ಓದಿ ಕಟ್ಟಿಸಿದನೆಂದು ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ 1946ರಲ್ಲಿ ಪ್ರತಿಪಾದಿಸಿದ್ದನ್ನು ಪೀಟರ್ ಕಿಡ್ಸನ್ ಮೊದಲಾದವರು ಮುಂದೆ ಬಲವಾಗಿ ಪ್ರಶ್ನಿಸಿದರು ಎಂಬುದೂ ನಿಜ. ಕಟ್ಟಡಕ್ಕೂ ಗ್ರಂಥಕ್ಕೂ ಗಂಟುಹಾಕುವ ಆತುರ ವಿದ್ವಾಂಸರಿಗೆ ಎಲ್ಲ ದೇಶದಲ್ಲೂ ಇದೆ. ಆದರೂ ಕಾಣುವುದರ ಮೂಲಕ ಏರುವ ದಾರಿ, ಕಾಣುವುದನ್ನು ಕಳೆದುಕೊಂಡು ಇಳಿಯುವ ದಾರಿ ಇವೆರಡೂ ಒಬ್ಬನೇ ಲೇಖಕನಲ್ಲಿ ಕೂಡಿವೆ ಎಂಬುದಕ್ಕೆ ಈ ವಿವಾದದಿಂದ ಧಕ್ಕೆಯಿಲ್ಲ. ಬೇಲೂರಿನ ಮಬ್ಬನ್ನು ಬಲ್ಲ ಕಣ್ಣು ಕೆಥೆಡ್ರಲಿನಲ್ಲಿ ಪರಕೀಯವಾಗಿರಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಹತ್ತೊಂಬತ್ತನೆಯ ಶತಮಾನದ್ದು. ಚೂಪು ಕಮಾನಿನ ವಾಸ್ತುವೆಂದರೆ ಕ್ರೈಸ್ತ ವಾಸ್ತುವೇ ಎಂದು ಇಂಗ್ಲೆಂಡಿನ ವಾಸ್ತುಶಿಲ್ಪಿ ಆಗಸ್ಟಸ್ ಪ್ಯೂಜಿನ್ 1841ರಲ್ಲಿ ಪ್ರಕಟವಾದ ಪುಸ್ತಕದ ಶೀರ್ಷಿಕೆಯಲ್ಲೇ ಸಾರಿದ್ದ. ಆ ನಂಬಿಕೆಯಿಲ್ಲದೆ ಆ ರೂಪಕ್ಕೆ ಜೀವವಿಲ್ಲವೆಂಬುದು ಅದರ ಇಂಗಿತ. ಮುಂಬಯಿ ಇದನ್ನು ಒಪ್ಪಲಿಲ್ಲ. 1878ರಲ್ಲಿ ಪೂರ್ಣಗೊಂಡ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರವನ್ನು ಭಾರತಕ್ಕೆ ಕಾಲಿಡದೆಯೇ ಲಂಡನ್ನಿನಿಂದ ರೂಪಿಸಿದವನು ಗಿಲ್ಬರ್ಟ್ ಸ್ಕಾಟ್. ಹಣ ಕೊಟ್ಟವರು ಜೈನ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಹೆಸರು ಅವರ ತಾಯಿಯದು. ಹೊರಮೈಯ ಕಲ್ಲು ಚೆಂಬೂರಿಗೆ ತಾಗಿಕೊಂಡಿರುವ ಕುರ್ಲಾದ್ದು. ದೃಷ್ಟಿ ಕಳೆದುಕೊಂಡಿದ್ದ ಆ ತಾಯಿ ಸೂರ್ಯಾಸ್ತದ ಮೊದಲೇ ಉಣ್ಣಬೇಕೆಂಬ ಜೈನ ನಿಯಮವನ್ನು ಈ ಗೋಪುರದ ಗಂಟೆ ಕೇಳಿ ಪಾಲಿಸುತ್ತಿದ್ದರೆಂಬ ಪ್ರತೀತಿ ಮುಂಬಯಿಯಲ್ಲಿದೆ. ಪ್ರತೀತಿ ನಿಜವಿರಲಿ ಇಲ್ಲದಿರಲಿ, ಕಾಣುವ ಬೆಳಕಿಗಾಗಿ ಹುಟ್ಟಿದ ಶೈಲಿಯೊಂದು ಕಾಣದವರ ವ್ರತಕ್ಕೆ ಒದಗಿತೆಂದು ಊರು ನೆನಪಿಟ್ಟುಕೊಂಡಿರುವುದು ಪ್ಯೂಜಿನ್‌ನ ಸಿದ್ಧಾಂತಕ್ಕೆ ಒಳ್ಳೆಯ ಉತ್ತರ.

ಇವೆಲ್ಲ ಅನುಕರಣೆ, ಅಸಲು ಯುರೋಪಿನಲ್ಲಿದೆ ಎನ್ನುವವರಿಗೆ ಕಲೋನ್ ಕೆಥೆಡ್ರಲಿನ ಚರಿತ್ರೆಯೇ ಅಡ್ಡಬರುತ್ತದೆ. 1248ರಲ್ಲಿ ಆರಂಭವಾದ ಅದರ ಕೆಲಸ ಹದಿನಾರನೆಯ ಶತಮಾನದಲ್ಲಿ ನಿಂತುಹೋಗಿ, 1842ರಲ್ಲಿ ಪ್ರಾಟೆಸ್ಟಂಟ್ ಪಂಥದ ಪ್ರಷ್ಯಾ ದೊರೆಯ ಕೈಯಿಂದ ಕಲ್ಲಿಡಿಸಿಕೊಂಡು ಮತ್ತೆ ಸಾಗಿ, 1880ರಲ್ಲಿ ಮುಗಿಯಿತು. ಅಂದರೆ ಅದರ ಜೋಡಿ ಶಿಖರಗಳು ರಾಜಾಬಾಯಿ ಗೋಪುರಕ್ಕಿಂತ ಎರಡು ವರ್ಷ ಚಿಕ್ಕವು. ಕೆಲಸ ಮುಗಿದ ಸಮಾರಂಭದ ಹೊತ್ತಿಗೆ ಕಲೋನಿನ ಆರ್ಚ್‌ಬಿಷಪ್ಪರು ಸರ್ಕಾರದೊಡನೆ ಜಗಳವಾಗಿ ದೇಶದ ಹೊರಗಿದ್ದರು. ಅದೇ ಕೆಥೆಡ್ರಲಿನಿಂದ ಸ್ಫೂರ್ತಿ ಪಡೆದ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೇರೆ ಪಂಥದ ಅರಸನ ಕೈ ಕಲೋನಿನಲ್ಲಿ ಸಲ್ಲುವುದಾದರೆ ಮೈಸೂರಿನಲ್ಲೂ ಸಲ್ಲಬೇಕು.

ಹಾಗಾದರೆ ಪಾವಿತ್ರ್ಯ ಎಲ್ಲಿಂದ ಬರುತ್ತದೆ? ಬಾಂದ್ರಾದ ಗುಡ್ಡದ ಮೇಲಿನ ಮೌಂಟ್ ಮೇರಿ ಬಸಿಲಿಕಾ ಇದಕ್ಕೆ ಒಂದು ಉತ್ತರವನ್ನು ಸೂಚಿಸುತ್ತದೆ. ಗಾಥಿಕ್ ಛಾಯೆಯ ಈಗಿನ ಕಟ್ಟಡವನ್ನು ಶಾಪೂರ್ಜಿ ಚಂದಾಭಾಯ್ ಎಂಬ ಪಾರ್ಸಿ ವಾಸ್ತುಶಿಲ್ಪಿ ರೂಪಿಸಿ 1904ರಲ್ಲಿ ಮುಗಿಸಿದರು. ಕೋಳಿ ಸಮುದಾಯದ ಮೀನುಗಾರರಿಗೆ ಅಲ್ಲಿಯ ಮೇರಿ ಮಾತೆ ಮೋತ್ ಮಾವುಲಿ. ಸೆಪ್ಟೆಂಬರ್ 8ರ ಹಬ್ಬದ ಜಾತ್ರೆಗೆ ಚೆಂಬೂರಿನ ಮಂಗಳೂರು ಮೂಲದ ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಪಾರ್ಸಿಗಳೂ ಹರಕೆ ಹೊತ್ತು ಹೋಗುತ್ತಾರೆ. ಕೈ ನೋವಿಗೆ ಮೇಣದ ಕೈ, ಮನೆ ಬೇಕಾದವರಿಗೆ ಮೇಣದ ಮನೆ, ಮಗು ಬೇಕಾದವರಿಗೆ ಮೇಣದ ಮಗು. ಅವರಲ್ಲಿ ಹೆಚ್ಚಿನವರು ಕಮಾನಿನ ಚೂಪನ್ನು ಗಮನಿಸುವುದಿಲ್ಲ, ಗಮನಿಸಬೇಕಾಗಿಯೂ ಇಲ್ಲ. ಪಾವಿತ್ರ್ಯವನ್ನು ಕಟ್ಟಡಕ್ಕೆ ತರುವುದು ಹರಕೆಯೇ ಹೊರತು ಶೈಲಿಯಲ್ಲ ಎಂದು ಇಲ್ಲಿ ಒಪ್ಪಲೇಬೇಕಾಗುತ್ತದೆ.

ಒಪ್ಪಿದ ಮೇಲೆ ರೂಪವೇ ಬೇಡವೆಂದು ಹೇಳುವವರ ಸರದಿ. ಸೂಜೆಯ ಸಮಕಾಲೀನನಾದ ಸಂತ ಬರ್ನಾರ್ಡ್ 1125ರ ಸುಮಾರಿಗೆ, ಚರ್ಚಿನ ಶಿಲ್ಪವೂ ಚಿನ್ನವೂ ಪ್ರಾರ್ಥನೆಯಿಂದ ಕಣ್ಣನ್ನು ಸೆಳೆಯುತ್ತವೆ, ಹಸಿದವರ ಪಾಲನ್ನು ಗೋಡೆಗೆ ಹಚ್ಚುತ್ತವೆ ಎಂದು ಸಿಟ್ಟಿನಿಂದ ಬರೆದ. ಅವನಿಗೆ ಪ್ರವಾಸಿಗೂ ಬೆರಗಾಗಿ ನಿಂತ ಭಕ್ತನಿಗೂ ಭೇದವಿರಲಿಲ್ಲ. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಸ್ಥಾವರವನ್ನು, ಅಂದರೆ ನೆಟ್ಟು ನಿಲ್ಲಿಸಿದ ಗುಡಿಯನ್ನು, ಬದಿಗಿಟ್ಟು ಅಂಗೈಯ ಇಷ್ಟಲಿಂಗವನ್ನು ಹಿಡಿದರು. ಇಬ್ಬರಿಗೂ ಸಂಪರ್ಕವಿರಲಿಲ್ಲ, ಸಿಟ್ಟಿನ ಜಾತಿ ಮಾತ್ರ ಒಂದೇ. ಆದರೆ ಶರಣರು ಹೋದಷ್ಟು ದೂರ ಬರ್ನಾರ್ಡ್ ಹೋಗಲಿಲ್ಲ. ಅವನ ಸಿಸ್ಟರ್ಶಿಯನ್ ಪಂಥ ತನ್ನ ಮಠಗಳಲ್ಲಿ ಶಿಲ್ಪವನ್ನೂ ಬಣ್ಣದ ಗಾಜನ್ನೂ ನಿಷೇಧಿಸಿ, ಚಿತ್ರವಿಲ್ಲದ ಬಿಳಿ ಗಾಜನ್ನು ಮಾತ್ರ ಇಟ್ಟುಕೊಂಡಿತು. ಚೂಪು ಕಮಾನನ್ನು ಬಿಡಲಿಲ್ಲ, ಮತ್ತು ಆ ಬರಿಯ ಕಮಾನುಗಳನ್ನು ಇಟಲಿ, ಸ್ಪೇನ್, ಜರ್ಮನಿಗಳ ಕಾಡುಕಣಿವೆಗಳಿಗೆ ಮೊದಲು ಒಯ್ದು ಗಾಥಿಕ್ ಶೈಲಿಯನ್ನು ಹರಡಿದವರಲ್ಲಿ ಆ ಸನ್ಯಾಸಿಗಳೂ ಪ್ರಮುಖರು.