ಬೆಳಕಿನ ಋಣ

ಒಳ್ಳೆಯ ಸಿನಿಮಾ ನೋಡಿದರೆ ಒಂದು ತಾಪತ್ರಯವಿದೆ. ಮುಗಿದ ಮೇಲೂ ಅದು ಮನೆ ಬಿಟ್ಟು ಹೋಗುವುದಿಲ್ಲ. ಅನ್ನಕ್ಕಿಡುವಾಗ, ಬಟ್ಟೆ ಒಣಹಾಕುವಾಗ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನನ್ನ ಮಟ್ಟಿಗೆ ಅಂಥದು. ಕಾದಂಬರಿ ಸಾಗರದಲ್ಲಿ ಬಾಳಿದ ನಾ. ಡಿಸೋಜ ಅವರದು, ನಿರ್ದೇಶಕರೂ ನಮ್ಮ ಶಿವಮೊಗ್ಗ ಜಿಲ್ಲೆಯವರೇ. 2001ನೇ ಸಾಲಿನ ಸ್ವರ್ಣಕಮಲ ಪಡೆದ ಚಿತ್ರ ಅದು.

ಅಣೆಕಟ್ಟಿನ ನೀರು ಏರುತ್ತಿದೆ. ಊರಿನವರು ಪರಿಹಾರದ ಹಣ ಪಡೆದು ಗಂಟುಮೂಟೆ ಕಟ್ಟುತ್ತಾರೆ. ಗುಡ್ಡದ ದೇವರ ಪೂಜೆಯನ್ನೇ ನಂಬಿದ ದುಗ್ಗಜ್ಜನಿಗೆ ಮಾತ್ರ ಅಲ್ಲಿಂದ ಕಾಲು ಕೀಳಲು ಮನಸ್ಸಿಲ್ಲ. ಕೊನೆಗೆ ಮುದುಕ ತೀರಿಕೊಳ್ಳುತ್ತಾನೆ. ಮಗ ಗಣಪ, ಸೊಸೆ ನಾಗಿ ಆ ನಡುಗಡ್ಡೆಯಲ್ಲಿ ಉಳಿಯುತ್ತಾರೆ. ಹೊರಗೆ ಜಡಿಮಳೆ, ಸುತ್ತ ನೀರು. ಆ ಮಳೆಗಾಲವನ್ನು ದಾಟಿಸಲು ಹೆಣಗುವವಳು ನಾಗಿ. ಸೌಂದರ್ಯ ಆ ಪಾತ್ರ ಮಾಡಿದ್ದಷ್ಟೇ ಅಲ್ಲ, ಚಿತ್ರದ ನಿರ್ಮಾಪಕಿಯೂ ಅವರೇ. ಮನೆ ಉಳಿದಾಗ ಗಂಡ ಏನನ್ನುತ್ತಾನೆ? ಎಲ್ಲ ದೇವರ ದಯೆ ಎನ್ನುತ್ತಾನೆ. ಆಗ ನಾಗಿಯ ಮುಖ ನೋಡಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಪರಿಚಯದ ಮುಖವೇ.

ನಮ್ಮ ಹಿರಿಯರು ನದಿಯನ್ನು ತಾಯಿ ಎಂದರು, ಮರಕ್ಕೆ ಕುಂಕುಮ ಇಟ್ಟರು, ಆದ್ದರಿಂದ ಪ್ರಕೃತಿ ಉಳಿಯಿತು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಪೂಜೆಯೊಂದರಿಂದಲೇ ಏನಾದರೂ ಉಳಿಯುತ್ತದೆಯೇ? ಗಣಪನೂ ಕೈಮುಗಿಯುತ್ತಾನೆ, ಆದರೆ ಪಕ್ಕದಲ್ಲೇ ದುಡಿದ ಕೈ ಅವನಿಗೆ ಕಾಣುವುದಿಲ್ಲ. ಕೊಟ್ಟವರನ್ನು ಕಾಣದ ಭಕ್ತಿ ಅರ್ಧ ಭಕ್ತಿ ಎಂದೇ ನನಗನ್ನಿಸುತ್ತದೆ.

ಇಷ್ಟು ಹೇಳಿ ಗಣಪನನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಆ ನೀರು ಎಲ್ಲಿಗೆ ಹೋಯಿತು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಆ ನೀರೇ ಕರೆಂಟಾಗಿ ಊರೂರಿಗೆ ಬಂತು. ನನ್ನ ಮಿಕ್ಸಿಯಲ್ಲಿ ಚಟ್ನಿ ನುಣ್ಣಗಾಗುವುದರಲ್ಲಿ ಯಾರದೋ ಹೊಸಿಲು, ಯಾರದೋ ತುಳಸಿಕಟ್ಟೆ ಇದೆ.

ಭದ್ರಾವತಿಯ ಕಾರ್ಖಾನೆಯ ಸಂಬಳದಲ್ಲಿ ಮಕ್ಕಳನ್ನು ಓದಿಸಿದ ಮನೆ ನಮ್ಮದು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿದ್ದು ಮಲೆನಾಡಿನ ಮರದ ಇದ್ದಿಲಿನ ಉರಿಯಲ್ಲಿ. ಮುಂದೆ ವಿದ್ಯುತ್ ಕುಲುಮೆಗಳೂ ಬಂದವು. ಕಾಗದದ ಕಾರ್ಖಾನೆಗೆ ಕಾಡಿನ ಬಿದಿರು ಹೋಯಿತು. ಈ ಮಾತೆತ್ತಿದಾಗ ನಮ್ಮವರಿಗೆ ಸಿಟ್ಟು ಬಂತು.

“ಹಾಗಾದ್ರೆ ಕರೆಂಟೂ ಬೇಡ, ಕಾರ್ಖಾನೆಯೂ ಬೇಡ ಅಂತೀಯಾ?”

“ಬೇಡ ಅಂತ ಅಲ್ಲರೀ. ಉಂಡಿದ್ದೀವಿ ಅಂತ ಒಪ್ಕೋಬೇಕಲ್ವಾ?” ಅಂದೆ.

ಅವರ ಪ್ರಶ್ನೆ ಸಣ್ಣದಲ್ಲ. ಕಾರ್ಖಾನೆ ಇಲ್ಲದಿದ್ದರೆ ನನ್ನ ಮಕ್ಕಳ ಓದು ಎಲ್ಲಿರುತ್ತಿತ್ತು? ಉಪಕಾರವನ್ನು ಮರೆಯುವುದು ಎಷ್ಟು ತಪ್ಪೋ, ಆ ಉಪಕಾರಕ್ಕಾಗಿ ಯಾರು ಏನು ಕಳೆದುಕೊಂಡರೆಂದು ಕೇಳದಿರುವುದೂ ಅಷ್ಟೇ ತಪ್ಪು. ಒಂದೇ ಅನ್ನಕ್ಕೆ ಇಬ್ಬರು ಸಾಲಗಾರರಿದ್ದರೆ ಒಬ್ಬರಿಗೆ ವಂದಿಸಿ ಇನ್ನೊಬ್ಬರಿಗೆ ಬಾಗಿಲು ಹಾಕಲಾಗದು.

ಈ ಲೆಕ್ಕ ನಮ್ಮ ಹಳ್ಳಿಯ ಹೆಂಗಸರಿಗೆ ಗೊತ್ತಿತ್ತು. ಭೂಮಿ ಹುಣ್ಣಿಮೆಯ ಹೊತ್ತಿಗೆ ಹೊಡೆ ತುಂಬಿದ ಗದ್ದೆ ಅವರ ಕಣ್ಣಿಗೆ ಬಸುರಿ. ರಾತ್ರಿಯೆಲ್ಲ ಎಚ್ಚರವಿದ್ದು ಬಯಕೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ನಸುಕಿಗೇ ಹೊಲಕ್ಕೆ ಒಯ್ಯುತ್ತಾರೆ. ಭೂಮಿಗೊಂದು ಪಾಲು, ಕಾಗೆಗೊಂದು ಪಾಲು ಕೊಟ್ಟ ಮೇಲೆ ಮನೆಮಂದಿಯ ಊಟ. ಕೊಯ್ಯುವ ಮೊದಲು ಬಡಿಸುವುದು ಅಲ್ಲಿಯ ರೀತಿ. ಪರಂಪರೆ ಎಂದರೆ ನನಗೆ ಅರ್ಥವಾಗುವುದು ಈ ಕ್ರಮ. ಕುಟುಂಬ, ಹಬ್ಬ, ಮಣ್ಣು ಬೇರೆ ಬೇರೆಯಾಗುವ ಮುಂಚಿನ ಕ್ರಮ ಅದು.

ಪೇಟೆಯ ಮನೆಯಲ್ಲಿ ಗದ್ದೆಯಿಲ್ಲ, ಸ್ವಿಚ್ಚಿದೆ. ಬುಟ್ಟಿಯನ್ನು ಎಲ್ಲಿಗೆ ಒಯ್ಯೋಣ? ಮುಳುಗಡೆಯಾದವರನ್ನು ನಮ್ಮ ತಾಲ್ಲೂಕಿನಲ್ಲೂ ನೆಲೆಗೊಳಿಸಿದರು. ಅವರಲ್ಲಿ ಎಷ್ಟೋ ಮನೆಯವರು ದಶಕಗಳ ಕಾಲ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿ ಅಲೆದರು. ನಮಗೆ ಬೆಳಕು ಕೊಟ್ಟವರು ರಸ್ತೆಯಲ್ಲಿ ಕೂಗುತ್ತ ಹೋಗುವಾಗ “ಯಾರೋ ಮೆರವಣಿಗೆಯವರು” ಎಂದು ಕಿಟಕಿ ಮುಚ್ಚದೆ, ಇಳಿದು ಹೋಗಿ ಅವರ ಮಾತು ಕೇಳುವುದು ಮೊದಲ ಪಾಲು. ಬೇಡದ ದೀಪ ಆರಿಸುವುದು ಎರಡನೆಯದು. ಈ ಬೆಳಕು ಎಲ್ಲಿಂದ ಬಂತೆಂದು ಮಕ್ಕಳು ಕೇಳಿದಾಗ ಮುಳುಗಿದ ಊರುಗಳ ಹೆಸರು ಹೇಳುವುದು ಮೂರನೆಯದು. ಇದರಿಂದ ಋಣ ತೀರುವುದಿಲ್ಲ, ನಿಜ. ಆದರೆ ಋಣವಿದೆ ಎಂದು ತಿಳಿದವರು ಮುಂದೆ ಕೈಚಾಚುವಾಗ ಒಂದು ಸಲ ಯೋಚಿಸುತ್ತಾರೆ.