ಗಂಧದ ಗಿಡ ಮತ್ತು ಲಾಭದ ಲೆಕ್ಕ

ಗುಂಡ್ಲುಪೇಟೆಯ ನಮ್ಮ ಹೊಲದ ಬೇಲಿಯಲ್ಲಿ ಗಂಧದ ಸಸಿ ಕಂಡರೆ ತಾತ ಸದ್ದಿಲ್ಲದೆ ಕಿತ್ತುಹಾಕುತ್ತಿದ್ದರು. ಮರ ಸರ್ಕಾರದ್ದು, ಕಳುವಾದರೆ ಕಟಕಟೆ ನಮ್ಮದು! ಇರುವೆಗೂ ಸಕ್ಕರೆ ಹಾಕುತ್ತಿದ್ದ ಆ ಜೀವಕ್ಕೆ ಅದು ಪಾಪವೆನಿಸಲಿಲ್ಲವೆ?

ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಾದ ಗಂಧ ಮೈಸೂರಿನಲ್ಲೇ ಉಳಿಯಿತು. 1916ರಲ್ಲಿ ಎಣ್ಣೆಯ ಕಾರ್ಖಾನೆ ಹುಟ್ಟಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ನಮ್ಮ ಬಚ್ಚಲುಮನೆಗಳನ್ನು ಸೇರಿತು. ಸೋಪು ತಿಂಗಳಲ್ಲಿ ಕರಗುತ್ತದೆ. ಮರದ ಚೇಗು ಬಲಿಯಲು ದಶಕಗಳೇ ಬೇಕು. ವರ್ಷಾಂತ್ಯದ ಲಾಭ-ನಷ್ಟವನ್ನೇ ನೋಡುವ ವ್ಯಾಪಾರ ಇಂಥ ಮರವನ್ನು ನೆಚ್ಚಿ ಬಾಳಬಲ್ಲದೆ?

ಬಾಳಬಲ್ಲದು, ಆದರೆ ನೆಡುವವನಿಗೂ ಪಾಲಿರಬೇಕು. ಗಂಧದ ಗಿಡ ನೆರೆಯ ಗಿಡದ ಬೇರಿನಿಂದ ಸತ್ತ್ವ ಹೀರಿ ಬೆಳೆಯುತ್ತದೆ. ಆ ನೆರೆಯೇ ಒಣಗಿದರೆ ಅದಕ್ಕೂ ಉಳಿವಿಲ್ಲ. ದೊಡ್ಡ ಕಾರ್ಖಾನೆಗೂ ರೈತನಿಗೂ ಇರುವ ನಂಟು ಇದೇ ಅಲ್ಲವೆ? ಪಾಲು ಕೊಡದೆ ತಾಳ್ಮೆಯನ್ನು ಮಾತ್ರ ಕೇಳುವುದು ದೂರದೃಷ್ಟಿಯಲ್ಲ, ಅನ್ಯಾಯ. ತಾತನ ಕೈ ಕಿತ್ತಿತು, ನಿಜ, ಕೀಳಿಸಿದ್ದು ಕಾನೂನು.

2001ರಲ್ಲಿ ಕಾನೂನು ತಿದ್ದುಪಡಿಯಾಗಿ ಮರ ಜಮೀನಿನವನದಾಯಿತು. ಚಾಮರಾಜನಗರದ ನನ್ನ ಹಿತ್ತಿಲಲ್ಲಿ ಒಂದು ಸಸಿ ನೆಟ್ಟಿದ್ದೇನೆ. ಅದು ಬಲಿಯುವ ಹೊತ್ತಿಗೆ ನನಗೆ ಎಪ್ಪತ್ತು. “ನಿಮಗೇನು ಬಂತು, ಮೇಷ್ಟ್ರೆ?” ಎನ್ನುತ್ತಾರೆ ನೆರೆಯವರು. ತಾತನ ಸಾಲ ತೀರಿತು, ಅಷ್ಟೆ.