ದಣಿವೂ ಪ್ರಮಾದವೇ?

ಪ್ರಾಣಿಗಳ ಶುಶ್ರೂಷೆಯನ್ನೇ ವೃತ್ತಿಯಾಗಿ ಆರಿಸಿಕೊಂಡವರಿಗೆ ಅಹಿಂಸಾಣುವ್ರತದ ಪಾಲನೆ ಸುಲಭವೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಕೃಷಿಕನು ನೆಲವನ್ನು ಉಳಲೇಬೇಕು, ವರ್ತಕನು ಧಾನ್ಯವನ್ನು ಕೂಡಿಡಲೇಬೇಕು. ಅಲ್ಲೆಲ್ಲ ಸಣ್ಣಪುಟ್ಟ ಜೀವಿಗಳ ಘಾತ ತಪ್ಪಿದ್ದಲ್ಲ. ರೋಗದಿಂದ ನರಳುವ ಪಶುವಿಗೆ ಔಷಧ ಕೊಡುವವರಿಗೆ ಆ ಭಯವೆಲ್ಲಿಯದು? ದೆಹಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯನ್ನು ನೋಡಿ ಬಂದವರೆಲ್ಲ, ಅಲ್ಲಿ ಕೆಲಸ ಮಾಡುವವರೇ ಪುಣ್ಯವಂತರೆಂದು ಹೇಳುವುದನ್ನು ಕೇಳಿದ್ದೇನೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಕಳೆದ ವರ್ಷದ ದಶಲಕ್ಷಣ ಪರ್ವದಲ್ಲಿ ಬಂದ ಒಂದು ದೂರವಾಣಿ ಕರೆ ಆ ನಂಬಿಕೆಯನ್ನು ಅಲುಗಿಸಿತು.

ಕರೆ ಮಾಡಿದವಳು ನನ್ನ ತಮ್ಮನ ಮಗಳು. ತಮ್ಮನ ಸಂಸಾರ ಬಹುಕಾಲದಿಂದ ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿದೆ. ಹುಡುಗಿ ಹುಟ್ಟಿ ಬೆಳೆದದ್ದು ಅಲ್ಲಿಯೇ ಆದರೂ ಮನೆಮಾತನ್ನು ಬಿಟ್ಟವಳಲ್ಲ. ಕಂಪ್ಯೂಟರ್ ಓದನ್ನು ನಡುವೆ ನಿಲ್ಲಿಸಿ ಒಂದು ಪ್ರಾಣಿ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ಸೇರಿಕೊಂಡಾಗ, ನಾಯಿಬೆಕ್ಕುಗಳ ಗೂಡು ತೊಳೆಯುವುದಕ್ಕೆ ಅಮೆರಿಕದಲ್ಲಿ ಹುಟ್ಟಬೇಕಿತ್ತೇ ಎಂದು ಬಂಧುಗಳು ಆಡಿಕೊಂಡರು. ಆ ಮಾತನ್ನು ಆಡಿದವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಟ್ಟು ಫಲವಿಲ್ಲ.

ಆಕೆ ಕಲಿಯುತ್ತಿರುವ ವಿದ್ಯೆಯ ಸ್ವರೂಪವನ್ನು ವಾಚಕರಿಗೆ ಸ್ವಲ್ಪ ವಿವರಿಸಬೇಕು. ಮನುಷ್ಯರ ಆಸ್ಪತ್ರೆಯಲ್ಲಿ ದಾದಿಯರಿಗೆ ಇರುವ ಸ್ಥಾನ ಅಲ್ಲಿ ಪಶುವೈದ್ಯಕೀಯ ತಂತ್ರಜ್ಞರಿಗೆ ಇದೆ. ರೋಗವನ್ನು ನಿರ್ಣಯಿಸುವುದು, ಔಷಧವನ್ನು ಸೂಚಿಸುವುದು, ಶಸ್ತ್ರಚಿಕಿತ್ಸೆ ಮಾಡುವುದು ವೈದ್ಯರ ಕೆಲಸ. ರಕ್ತ ತೆಗೆಯುವುದು, ಕ್ಷಕಿರಣ ಚಿತ್ರ ತೆಗೆಯುವುದು, ಅರಿವಳಿಕೆಯಲ್ಲಿರುವ ಪ್ರಾಣಿಯ ಉಸಿರು ಮತ್ತು ನಾಡಿಯನ್ನು ಕ್ಷಣಕ್ಷಣವೂ ಗಮನಿಸುವುದು, ಹಲ್ಲು ಶುಚಿ ಮಾಡುವುದು, ಇವೆಲ್ಲ ತಂತ್ರಜ್ಞರ ಪಾಲಿನವು. ಇದಕ್ಕೆ ಸಾಮಾನ್ಯವಾಗಿ ಎರಡು ವರ್ಷದ ವ್ಯಾಸಂಗ, ಆಮೇಲೆ 3 ಗಂಟೆಗಳಲ್ಲಿ 170 ಪ್ರಶ್ನೆಗಳಿಗೆ ಉತ್ತರಿಸಬೇಕಾದ ರಾಷ್ಟ್ರಮಟ್ಟದ ಪರೀಕ್ಷೆ, ಅನಂತರ ರಾಜ್ಯದಲ್ಲಿ ನೋಂದಣಿ. ಸಂಪಾದನೆಯನ್ನು ಬಿಟ್ಟು ಕಾಲೇಜಿಗೆ ಹೋಗಲಾರದವರಿಗೆ ದೂರಶಿಕ್ಷಣದ ದಾರಿಯೂ ಉಂಟು. ಆದರೆ ಪುಸ್ತಕವನ್ನು ಓದಿ ಪರೀಕ್ಷೆ ಬರೆದರೆ ಸಾಲದು. ಒಂದು ದೀರ್ಘವಾದ ಪಟ್ಟಿಯಲ್ಲಿರುವ ಕೌಶಲಗಳನ್ನೆಲ್ಲ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ಮಾಡಿ, ಅನೇಕ ವೇಳೆ ಚಿತ್ರೀಕರಿಸಿ, ಅವರ ರುಜು ಪಡೆದು ಕಳುಹಿಸಬೇಕು.

ಇದನ್ನು ಬರೆಯುತ್ತಿರುವಾಗ ನಮ್ಮ ತಾಲ್ಲೂಕು ಪಶು ಆಸ್ಪತ್ರೆಯ ಕಾಂಪೌಂಡರ್ ನೆನಪಾಗುತ್ತಾನೆ. ನನ್ನ ಬಾಲ್ಯದಲ್ಲಿ ಒಮ್ಮೆ ನಮ್ಮ ಮನೆಯ ಹಸುವಿಗೆ ಹೊಟ್ಟೆಯುಬ್ಬರವಾಗಿ ಅದು ನಿಲ್ಲಲಾರದೆ ತೂಗಾಡುತ್ತಿತ್ತು. ವೈದ್ಯರು ಎಡಪಕ್ಕೆಗೆ ಚುಚ್ಚಿ ಗಾಳಿ ಬಿಡಿಸುವವರೆಗೆ ಆ ಮನುಷ್ಯ ಹಸುವಿನ ಮೂಗನ್ನೂ ಕೊಂಬನ್ನೂ ಹಿಡಿದು, ಅದರ ಕಿವಿಯಲ್ಲಿ ಏನನ್ನೋ ಗುನುಗುತ್ತ ನಿಂತಿದ್ದ. ಹಸು ಬದುಕಿತು. ವೈದ್ಯರಿಗೆ ತೆಂಗಿನಕಾಯಿ, ಬಾಳೆಗೊನೆ ಸಂದವು. ಕಾಂಪೌಂಡರನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆಕೆ ಮೊದಲಿನ ಕೆಲಸವನ್ನು ಬಿಟ್ಟು ಹೆಚ್ಚು ಕಲಿಯುವ ಅವಕಾಶವಿರುವ ಇನ್ನೊಂದು ಆಸ್ಪತ್ರೆಗೆ ಹೊಸದಾಗಿ ಸೇರಿದ್ದಳು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಹತ್ತು ಗಂಟೆಗಳ ಕೆಲಸ. ಹೊಸಬಳಾದುದರಿಂದ ಯಾರಾದರೂ ಬಾರದ ದಿನ ಅವರ ಪಾಳಿಯೂ ಈಕೆಯ ಪಾಲಿಗೇ. ಹೊಸಬರು ಇಲ್ಲವೆನ್ನುವುದು ಎಲ್ಲಿಯೂ ಕಷ್ಟ. ಜೊತೆಗೆ ಆ ಅವಧಿಗೆ ಮೂರು ವಿಷಯಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದಳು. ರಾತ್ರಿ ಹನ್ನೊಂದರಿಂದ ಎರಡರವರೆಗೆ ಓದು. ಬೆಳಗ್ಗೆ ಆರಕ್ಕೆ ಮತ್ತೆ ಏಳುವುದು.

ಅಂತಹ ಒಂದು ಸಂಜೆ ವಾರ್ಡಿನಲ್ಲಿದ್ದ ಸಕ್ಕರೆ ಕಾಯಿಲೆಯ ಬೆಕ್ಕಿಗೆ ಇನ್ಸುಲಿನ್ ಕೊಡಬೇಕಾಗಿತ್ತು. ಪ್ರಾಣಿಗಳಿಗೆಂದೇ ತಯಾರಾಗುವ ಕೆಲವು ಇನ್ಸುಲಿನ್‌ಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ; ಮನುಷ್ಯರಿಗಾಗಿ ತಯಾರಿಸಿ ಬೆಕ್ಕುಗಳಿಗೂ ಕೊಡುವ ಬಗೆಯಲ್ಲಿ 100 ಯೂನಿಟ್. ಎರಡಕ್ಕೂ ಸಿರಿಂಜ್ ಬೇರೆ ಬೇರೆ, ಗೀಟುಗಳ ಅಳತೆಯೂ ಬೇರೆ. ಆ ಬೆಕ್ಕಿಗೆ ಬೇಕಾಗಿದ್ದುದು ನೂರರ ಬಗೆಯ 2 ಯೂನಿಟ್. ಈಕೆ ಕೈಗೆತ್ತಿಕೊಂಡದ್ದು ನಲವತ್ತರ ಸಿರಿಂಜ್. ಅದರಲ್ಲಿ ಎರಡನೆಯ ಗೀಟಿನವರೆಗೆ ಎಳೆದರೆ ಒಳಗೆ ಬರುವುದು 5 ಯೂನಿಟ್, ಎಂದರೆ ಎರಡೂವರೆ ಪಟ್ಟು. ರಕ್ತದ ಸಕ್ಕರೆ ಕುಸಿದು ಪ್ರಾಣಿಗೆ ಸೆಳೆತ ಬರಬಹುದು, ಪ್ರಾಣವೇ ಹೋಗಬಹುದು. ಬೆಕ್ಕಿನ ಕತ್ತಿನ ಚರ್ಮವನ್ನು ಎತ್ತಿ ಹಿಡಿದಿದ್ದಾಗ ಮೇಜಿನ ಮೇಲೆ ಬಿದ್ದಿದ್ದ ಸಿರಿಂಜಿನ ಮುಚ್ಚಳ ಕಣ್ಣಿಗೆ ಬಿತ್ತಂತೆ. ನೂರರದಕ್ಕೆ ಇರಬೇಕಾದುದು ಕಿತ್ತಳೆ ಬಣ್ಣ, ಅದು ಕೆಂಪಾಗಿತ್ತು. ಕೈ ನಿಂತಿತು.

“ದೊಡ್ಡಪ್ಪ, ಬೆಕ್ಕಿಗೆ ಏನೂ ಆಗಲಿಲ್ಲ. ಹಾಗಾದರೆ ನಾನು ತಪ್ಪು ಮಾಡಿದ ಹಾಗೋ, ಮಾಡದ ಹಾಗೋ?” ಎಂದು ಕೇಳಿದಳು.

“ಏನೂ ಆಗಲಿಲ್ಲವಲ್ಲ ಮಗೂ, ಬಿಟ್ಟುಬಿಡು. ಇನ್ನು ಮೇಲೆ ಜಾಗ್ರತೆಯಾಗಿರು” ಎಂದೆ. ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ ಅದು. ದೂರವಾಣಿಯನ್ನು ಕೆಳಗಿಟ್ಟ ಮೇಲೆ ಅದು ನನಗೇ ಒಪ್ಪಿಗೆಯಾಗಲಿಲ್ಲ.

ಏಕೆಂದರೆ ನಮ್ಮ ಆಚಾರ್ಯರು ಹಿಂಸೆಯನ್ನು ಅಳೆದದ್ದು ಫಲದಿಂದಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ನಿಷ್ಠುರರು. ಜೀವಿ ಉಳಿಯಿತೋ ಅಳಿಯಿತೋ ಎಂಬುದನ್ನು ಅವರು ನೋಡುವುದೇ ಇಲ್ಲ. ಯತ್ನಾಚಾರ ತಪ್ಪಿದವನಿಗೆ ಹಿಂಸೆ ನಿಶ್ಚಿತವೆಂದೂ, ಯತ್ನಾಚಾರದಿಂದ ನಡೆಯುವವನಿಗೆ ಕೇವಲ ಘಾತದಿಂದ ಬಂಧವಿಲ್ಲವೆಂದೂ ಅವರ ಅಭಿಪ್ರಾಯ. ಅದನ್ನು ಹೇಳಿದ್ದು ಮುನಿಗಳ ಸಂದರ್ಭದಲ್ಲಿ ಎಂಬುದು ನಿಜ. ಆದರೆ ಕೈಯಲ್ಲಿ ಸೂಜಿ ಹಿಡಿದ ಗೃಹಸ್ಥೆಗೆ ಅದು ಅನ್ವಯಿಸದೆಂದು ಹೇಳಲು ನನಗೆ ಧೈರ್ಯವಿಲ್ಲ.

ಇಲ್ಲೊಂದು ತೊಡಕಿದೆ. ಹದಿನೈದು ಬಗೆಯ ಪ್ರಮಾದಗಳನ್ನು ಎಣಿಸುವಾಗ ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯಗಳ ಜೊತೆಗೆ ನಿದ್ರೆ ಮತ್ತು ಸ್ನೇಹಗಳನ್ನೂ ಹೇಳಿದೆ. ಪಾಠಶಾಲೆಯಲ್ಲಿ ಮಕ್ಕಳಿಗೆ ಇದನ್ನು ಕಲಿಸುವಾಗ ನಿದ್ರೆಯೆಂದರೆ ಸೋಮಾರಿತನವೆಂದು ನಾನು ಎಷ್ಟೋ ಸಲ ವಿವರಿಸಿದ್ದುಂಟು. ಈ ಹುಡುಗಿ ಸೋಮಾರಿಯಲ್ಲ. ಆಕೆಯ ಕೈ ತಪ್ಪಿದ್ದು ಹೆಚ್ಚು ಮಲಗಿದ್ದರಿಂದಲ್ಲ, ಮಲಗದೆ ಇದ್ದುದರಿಂದ. ದುಡಿಮೆ, ವಿದ್ಯೆ, ಶ್ರದ್ಧೆ ಎಂದು ನಾವು ಹೊಗಳುವ ಗುಣಗಳೇ ಅತಿಯಾದಾಗ ಪ್ರಮಾದವನ್ನು ಹೆರುತ್ತವೆ ಎಂಬುದನ್ನು ನನ್ನ ಪಾಠ ಒಮ್ಮೆಯೂ ಹೇಳಿರಲಿಲ್ಲ. ಗುಮಾಸ್ತನ ದಣಿವು ಕಾಗದದ ಮೇಲೆ ಬೀಳುತ್ತದೆ, ಮರುದಿನ ತಿದ್ದಬಹುದು. ಈಕೆಯ ದಣಿವು ಬೀಳುವುದು ‘ಇದಲ್ಲ’ ಎಂದು ಹೇಳಲು ಬಾಯಿಲ್ಲದ ಪ್ರಾಣಿಯ ಮೇಲೆ.

ಇದು ಉದ್ಯೋಗೀ ಹಿಂಸೆಯಲ್ಲವೇ, ಗೃಹಸ್ಥರಿಗೆ ಅದು ಪೂರ್ಣವಾಗಿ ವರ್ಜ್ಯವಲ್ಲವಲ್ಲ, ಎಂದು ಮಿತ್ರರೊಬ್ಬರು ವಾದಿಸಿದರು. ಆ ವಿನಾಯಿತಿ ಇರುವುದು ವೃತ್ತಿಯಲ್ಲಿ ತಪ್ಪಿಸಲಾಗದ ಹಿಂಸೆಗೆ. ಒಂದೇ ಅವಧಿಯಲ್ಲಿ ಮೂರು ವಿಷಯಗಳನ್ನು ಓದುವುದು ತಪ್ಪಿಸಲಾಗದ್ದೇನೂ ಆಗಿರಲಿಲ್ಲ.

ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಆ ರಾತ್ರಿ ಮತ್ತೆ ಓದಿದೆ. ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕೊಯ್ಯುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಹೊಡೆಯುವುದೊಂದನ್ನು ಬಿಟ್ಟರೆ ಆಕೆಯ ವಿದ್ಯೆಯಲ್ಲಿ ಇವುಗಳ ಹೊರರೂಪ ದಿನವೂ ಇದೆ. ಬೆಕ್ಕನ್ನು ಬಟ್ಟೆಯಲ್ಲಿ ಸುತ್ತಿ ಅಲುಗಾಡದಂತೆ ಹಿಡಿಯಬೇಕು. ಅರಿವಳಿಕೆಗೆ ಮೊದಲು ನಾಯಿಯನ್ನು ಉಪವಾಸವಿಡಬೇಕು. ಕೊಯ್ಯುವ ವೈದ್ಯರಿಗೆ ಉಪಕರಣ ಕೊಡಬೇಕು. ಅದೇ ಕ್ರಿಯೆ ಅಪಚಾರವಾಗುವುದೋ ಉಪಚಾರವಾಗುವುದೋ ಎಂಬುದನ್ನು ನಿರ್ಧರಿಸುವುದು ಉದ್ದೇಶ ಮತ್ತು ಎಚ್ಚರ ಎರಡೇ. ಎಚ್ಚರವನ್ನು ತೆಗೆದುಬಿಟ್ಟರೆ ಉದ್ದೇಶವೊಂದೇ ಅದನ್ನು ಎಷ್ಟು ದೂರ ಹೊರಬಲ್ಲದು? (ಗುಣವಾಗದ ಪ್ರಾಣಿಗೆ ಮರಣದ ಚುಚ್ಚುಮದ್ದು ಕೊಡುವಾಗ ಅದರ ಕಾಲು ಹಿಡಿಯುವ ಕೆಲಸವೂ ಈಕೆಗೆ ಬರುತ್ತದೆ. ಅದನ್ನು ಎತ್ತಿಕೊಂಡರೆ ಬೇರೆಯೇ ಲೇಖನವಾದೀತು.)

ಉಳಿದದ್ದು ಮಿತಿಮೀರಿ ಭಾರ ಹೇರುವುದು. ಎತ್ತಿನ ಗಾಡಿಯ ಕಾಲದ ಮಾತೆಂದು ನಾನು ಅದನ್ನು ಬೇಗನೆ ದಾಟಿ ಹೋಗುತ್ತಿದ್ದೆ. ಈ ಸಲ ಅಲ್ಲಿಯೇ ನಿಂತೆ. ಆ ಹುಡುಗಿಯ ಮೇಲೆ ಭಾರ ಹೇರಿದವರಾರು? ಆಸ್ಪತ್ರೆಯವರು ಒಂದಿಷ್ಟು. ಆಕೆ ತಾನೇ ಒಂದಿಷ್ಟು. ಆದರೆ ಪ್ರತಿ ಕರೆಯಲ್ಲಿಯೂ “ಓದು ಯಾವಾಗ ಮುಗಿಯುತ್ತದೆ?” ಎಂದು ಕೇಳಿದವನು ನಾನು. ಮದುವೆಯ ಮಾತು ಎತ್ತಲು ಒಂದು ಪದವಿಯಾದರೂ ಕೈಯಲ್ಲಿರಲಿ ಎಂದು ತಮ್ಮನಿಗೆ ಹೇಳಿದವನೂ ನಾನೇ. ಮೂರು ವಿಷಯಗಳ ಲೆಕ್ಕ ಎಲ್ಲಿಂದ ಬಂತೆಂದು ಹುಡುಕಲು ಒಹಾಯೊವರೆಗೆ ಹೋಗಬೇಕಾಗಿರಲಿಲ್ಲ.

ಮರುವಾರ ನಾನೇ ಕರೆ ಮಾಡಿ, ನನ್ನ ಮೊದಲಿನ ಉತ್ತರ ಸರಿಯಲ್ಲವೆಂದೂ, ತಪ್ಪು ನಡೆದದ್ದು ನಿಜವೆಂದೂ, ಅದರಲ್ಲಿ ನನ್ನ ಪಾಲೂ ಇದೆಯೆಂದೂ ಹೇಳಿ, ಓದನ್ನು ನಿಧಾನಗೊಳಿಸು ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ಪಿಂಚಣಿ ಬರುತ್ತದೆ ದೊಡ್ಡಪ್ಪ. ನಿಧಾನವಾದಷ್ಟು ವರ್ಷವೂ ನನಗೆ ಸಹಾಯಕಿಯ ಸಂಬಳವೇ” ಎಂದಳು. ಒರಟಾಗಿ ಹೇಳಲಿಲ್ಲ. ಆದರೆ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಿರಾಮವು ಉಳ್ಳವರ ಸೊತ್ತಾದರೆ ಯತ್ನಾಚಾರವೂ ಉಳ್ಳವರ ವ್ರತವಾಗಿಬಿಡುತ್ತದೆ.

ಆಗಲೇ ಆಕೆ ಇನ್ನೊಂದು ಸಂಗತಿಯನ್ನೂ ಹೇಳಿದಳು. ಪಟ್ಟಿಯಲ್ಲಿ ನಾಯಿಯ ಕತ್ತಿನ ರಕ್ತನಾಳದಿಂದ ರಕ್ತ ತೆಗೆಯುವ ಕೌಶಲ ಬಾಕಿಯಿತ್ತು, ಗಡುವು ಹತ್ತಿರವಾಗಿತ್ತು. ಮಾಲೀಕರು ಊರಿಗೆ ಹೋಗುವಾಗ ಬಿಟ್ಟುಹೋದ ಆರೋಗ್ಯವಂತ ನಾಯಿಯೊಂದು ಅಲ್ಲಿತ್ತು. ಜೊತೆಯವಳೊಬ್ಬಳು, ಅದರಿಂದಲೇ ಸ್ವಲ್ಪ ತೆಗೆದು ಚಿತ್ರೀಕರಿಸಿಬಿಡು, ನಾಯಿಗೇನೂ ಹಾನಿಯಿಲ್ಲ, ಯಾರೂ ಕೇಳುವುದಿಲ್ಲ ಎಂದಳಂತೆ. ಹಾನಿಯಿಲ್ಲವೆಂಬುದು ಬಹುಮಟ್ಟಿಗೆ ನಿಜವೇ. ಆದರೂ ಈಕೆ ಒಪ್ಪಲಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನವೆಂದು ಚಿಕ್ಕಂದಿನಲ್ಲಿ ಇಲ್ಲಿಗೆ ಬಂದಾಗ ನೀವೇ ಹೇಳಿಕೊಟ್ಟಿದ್ದಿರಿ, ಆ ನಾಯಿ ರಕ್ತ ಕೊಟ್ಟಿರಲಿಲ್ಲ, ಅದರ ಯಜಮಾನರೂ ಕೊಟ್ಟಿರಲಿಲ್ಲ ಎಂದಳು. ಬೇರೆ ಕಾರಣಕ್ಕೆ ರಕ್ತ ತೆಗೆಯಲೇಬೇಕಾದ ನಾಯಿ ಬರುವವರೆಗೆ ಕಾದಳು. ಗಡುವು ಮೀರಿತು. ಆ ವಿಷಯ ಮುಂದಿನ ಅವಧಿಗೆ ಹೋಯಿತು. ಇಷ್ಟು ನಷ್ಟವನ್ನು ನಿಶ್ಶಬ್ದವಾಗಿ ಹೊತ್ತವಳಿಗೆ ನಾನು ನಿಧಾನದ ಉಪದೇಶ ಮಾಡಲು ಹೊರಟಿದ್ದೆ.

ಬಸದಿಗಳ ಮತ್ತು ಗೋಶಾಲೆಗಳ ಧರ್ಮದರ್ಶಿಗಳು ಈ ಪತ್ರಿಕೆಯನ್ನು ಓದುತ್ತಾರೆಂದು ತಿಳಿದು ಒಂದು ಮಾತು. ವೈದ್ಯಕೀಯಕ್ಕೂ ಎಂಜಿನಿಯರಿಂಗಿಗೂ ನಾವು ವಿದ್ಯಾರ್ಥಿವೇತನ ಕೊಡುತ್ತೇವೆ. ಗೋಶಾಲೆಗೆ ಕೊಟ್ಟ ಮೇವಿನ ದಾನಕ್ಕೆ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುತ್ತೇವೆ. ರೋಗಿಯಾದ ಹಸುವನ್ನು ಹಿಡಿದು ನಿಲ್ಲುವ ಕೆಲಸಗಾರ ರಾತ್ರಿ ಎಷ್ಟು ಗಂಟೆ ಮಲಗಿದ್ದನೆಂದು ಯಾವ ಸಭೆಯಲ್ಲಾದರೂ ವಿಚಾರಿಸಿದ್ದು ನನಗೆ ನೆನಪಿಲ್ಲ. ನಾನೂ ಅಂತಹ ಸಭೆಗಳಲ್ಲಿ ಹನ್ನೆರಡು ವರ್ಷ ಕುಳಿತವನು.

ಈಗ ತಮ್ಮನೂ ನಾನೂ ಸೇರಿ ಆಕೆಯ ಶುಲ್ಕದ ಒಂದು ಭಾಗವನ್ನು ವಹಿಸಿಕೊಂಡಿದ್ದೇವೆ. ಅವಧಿಗೆ ಒಂದೇ ವಿಷಯ. ಹೆಚ್ಚಿನ ಪಾಳಿಗೆ ವಾರದಲ್ಲಿ ಒಂದು ದಿನ ಮಾತ್ರ ಒಪ್ಪುತ್ತಾಳೆ. ಅದರಿಂದ ಆಸ್ಪತ್ರೆಯಲ್ಲಿ ಸ್ವಲ್ಪ ಅಸಮಾಧಾನವಿದೆಯಂತೆ, ಕೆಲಸ ಉಳಿದೀತೋ ಇಲ್ಲವೋ ಎಂಬ ಅಳುಕೂ ಇದೆ. ನಲವತ್ತರ ಸಿರಿಂಜುಗಳನ್ನು ಬೇರೆ ಖಾನೆಗೆ ತೆಗೆದಿರಿಸಲು ಹಿರಿಯರನ್ನು ಒಪ್ಪಿಸಿದ್ದಾಳೆ. ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬರಿಗೆ ತೋರಿಸದೆ ಕೊಡುವುದಿಲ್ಲ. ಕಳೆದ ವಾರ ಮಾತನಾಡಿದಾಗ ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಕೌಶಲಗಳು ಬಾಕಿಯೆಂದಳು. ಯಾವಾಗ ಮುಗಿಯುತ್ತದೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದೆ.